ಅಡುಗೆಮನೆ ಸಾಕೆಟ್: 6 ಆಂಪಿಯರೋ, 16 ಆಂಪಿಯರೋ?

ದಾವಣಗೆರೆ ಮನೆಗಳಲ್ಲಿ ಬೆಣ್ಣೆದೋಸೆ ಹಿಟ್ಟು ರುಬ್ಬುವ ವೆಟ್ ಗ್ರೈಂಡರ್ 150–200 ವ್ಯಾಟ್, ಚಟ್ನಿ ಮಿಕ್ಸಿ 500–750. ಇವಕ್ಕೆ 6 ಆಂಪಿಯರ್ ಸಾಕೆಟ್ ಧಾರಾಳ. 230 ವೋಲ್ಟ್‌ನಲ್ಲಿ ಅದರ ಮಿತಿ 1380 ವ್ಯಾಟ್.

2000 ವ್ಯಾಟಿನ ಇಂಡಕ್ಷನ್ ಒಲೆ ಎಳೆಯುವುದು ಸುಮಾರು 8.7 ಆಂಪಿಯರ್. 1500 ವ್ಯಾಟಿನ ಕೆಟಲ್ ಕೂಡ 6.5. ಇವಕ್ಕೆ 16 ಆಂಪಿಯರ್ ಸಾಕೆಟ್ಟೇ ಬೇಕು, ಸ್ವಿಚ್ಚೂ ಅಷ್ಟರದೇ. ದಪ್ಪ ಪಿನ್ನಿಗೆ ಕನ್ವರ್ಟರ್ ಪ್ಲಗ್ ಸಿಕ್ಕಿಸಿ ಸಣ್ಣ ಸಾಕೆಟ್ಟಿಗೆ ಚುಚ್ಚಿದರೆ ಮೊದಲು ತೂತಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಪಿನ್ ಕಪ್ಪಾಗುತ್ತದೆ. ಒಳಗಿನ ಹಿತ್ತಾಳೆ ಹಿಡಿತ ಬಿಸಿಗೆ ಸಡಿಲಾಗಿ, ಸಡಿಲಾದಷ್ಟೂ ಇನ್ನಷ್ಟು ಕಾಯುತ್ತದೆ. ಒಳಗೆ ವೈರ್ ಹಿಡಿಯುವ ಸ್ಕ್ರೂ ಬಿಗಿಯಾಗದಿದ್ದರೂ ಇದೇ ಗತಿ.

ಹಳೇ ಮನೆಯಲ್ಲಿ ಸಾಕೆಟ್ ಮಾತ್ರ ಬದಲಿಸಿದರೆ ಮೋಸ: ಗೋಡೆಯೊಳಗಿನ ತೆಳು ವೈರ್ ಹಾಗೇ ಉಳಿಯುತ್ತದೆ. 16 ಆಂಪಿಯರ್ ಸಾಕೆಟ್ಟಿಗೆ 2.5 ಚದರ ಮಿಲಿಮೀಟರಿನ ತಾಮ್ರದ ವೈರ್, ಬೋರ್ಡಿನಿಂದ ಪ್ರತ್ಯೇಕ ಲೈನ್, 16 ಆಂಪಿಯರ್ ಎಂಸಿಬಿ (ಹೊರೆ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ. ಹೊಸದಾಗಿ ವೈರಿಂಗ್ ಮಾಡಿಸುವವರು ಕಟ್ಟೆಯ ಮೇಲೆ ಇಂಥ ಎರಡು ಸಾಕೆಟ್ಟಾದರೂ ಇಡಿ. 6/16 ಕಾಂಬಿ ಸಾಕೆಟ್ ತಂದರೆ ಮಿಕ್ಸಿಯ ಸಣ್ಣ ಪಿನ್ನೂ ಅದರಲ್ಲೇ ಕೂರುತ್ತದೆ.

ಸಿಂಕಿನ ನೀರು ಸಿಡಿಯುವ ಜಾಗ, ಒಲೆಯ ನೇರ ಮೇಲೆ ಎರಡೂ ಕಡೆ ಸಾಕೆಟ್ ಬೇಡ. ಮೇಲಿನ ದೊಡ್ಡ ತೂತಿಗೆ ಅರ್ಥಿಂಗ್ ವೈರ್ ನಿಜಕ್ಕೂ ಬಂದಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿಯೇ ಹಣ ಕೊಡಿ.