ಅಗರ್, ಕಪ್ಪಾ, ಅಯೋಟಾ, ಲ್ಯಾಂಬ್ಡಾ: ಕೆಂಪು ಪಾಚಿಯ ನಾಲ್ಕು ಪುಡಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ

ಕಡಲಿನ ಕೆಂಪು ಪಾಚಿಗಳ ಕೋಶಭಿತ್ತಿಯಿಂದ ತೆಗೆಯುವ ಅಗರ್ ಮತ್ತು ಕ್ಯಾರಜೀನನ್ ಪುಡಿಗಳನ್ನು ಚೀಟಿಯಿಲ್ಲದ ಡಬ್ಬಿಗಳಲ್ಲಿಟ್ಟರೆ ಯಾವುದು ಯಾವುದೆಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಎರಡೂ ಗ್ಯಾಲಕ್ಟೋಸ್ ಸಕ್ಕರೆಯ ಉದ್ದನೆಯ ಸರಪಳಿಗಳೇ. ಮುಖ್ಯ ವ್ಯತ್ಯಾಸವಿರುವುದು ಆ ಸರಪಳಿಗೆ ಅಂಟಿಕೊಂಡ ಸಲ್ಫೇಟ್ ಗುಂಪುಗಳ ಲೆಕ್ಕದಲ್ಲಿ. ಅಗರ್‌ನ ಮುಖ್ಯ ಭಾಗವಾದ ಅಗರೋಸ್‌ನಲ್ಲಿ ಸಲ್ಫೇಟ್ ಇಲ್ಲವೆನ್ನುವಷ್ಟು ಕಡಿಮೆ. ಕ್ಯಾರಜೀನನ್‌ನ ಮೂರು ಬಗೆಗಳಲ್ಲಿ, ಪ್ರತಿ ಎರಡು ಸಕ್ಕರೆಗಳ ಜೋಡಿಗೆ ಕಪ್ಪಾದಲ್ಲಿ ಒಂದು, ಅಯೋಟಾದಲ್ಲಿ ಎರಡು, ಲ್ಯಾಂಬ್ಡಾದಲ್ಲಿ ಸುಮಾರು ಮೂರು ಸಲ್ಫೇಟ್‌ಗಳಿರುತ್ತವೆ. ಇವುಗಳ ಜೈವಿಕ ಗುಣಗಳ ಮೇಲೆ ಕೆಲಸ ಆರಂಭಿಸುವ ಮೊದಲು ಪದಾರ್ಥದ ಪರಿಚಯ ಕೈಗೇ ಆಗಲಿ ಎಂದು ನಾಲ್ಕನ್ನೂ ಒಂದೇ ಪ್ರಮಾಣದಲ್ಲಿ, ಅಂದರೆ 100 ಮಿಲಿಲೀಟರ್ ನೀರಿಗೆ 1 ಗ್ರಾಂನಂತೆ, ಕರಗಿಸಿ ನೋಡಿದೆ.

ಅಗರ್ ಎಲ್ಲಕ್ಕಿಂತ ಸರಳ. ಕುದಿಸಿ ಇಳಿಸಿದರೆ 35 ಡಿಗ್ರಿಯ ಆಸುಪಾಸಿನಲ್ಲಿ ತಾನಾಗಿ ಗಟ್ಟಿಯಾಗುತ್ತದೆ, ಯಾವ ಲವಣವನ್ನೂ ಬೇಡುವುದಿಲ್ಲ, ಮತ್ತು ಒಮ್ಮೆ ಗಟ್ಟಿಯಾದರೆ 85 ಡಿಗ್ರಿಯ ತನಕ ಕರಗುವುದಿಲ್ಲ. ಬ್ಯಾಕ್ಟೀರಿಯಾ ಬೆಳೆಸಲು, ಬೆಚ್ಚಗಾದರೆ ಕರಗಿಬಿಡುವ ಜೆಲಾಟಿನ್ ಬಳಸುತ್ತಿದ್ದ ರಾಬರ್ಟ್ ಕಾಖ್‌ರ ಪ್ರಯೋಗಾಲಯಕ್ಕೆ 1880ರ ದಶಕದ ಆರಂಭದಲ್ಲಿ ಅಗರ್ ಬಂದದ್ದು ಈ ಗುಣದಿಂದಲೇ. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಗೆ ಅದನ್ನು ಸೂಚಿಸಿದವರು ಅವರ ಪತ್ನಿ ಫ್ಯಾನಿ ಹೆಸ್ಸೆ.

ಕಪ್ಪಾಕ್ಕೆ ಪೊಟ್ಯಾಸಿಯಂ ಬೇಕು. ಮೊದಲ ಸಲ ನಾನು ಅವಸರದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬದಲಿಗೆ ಸೋಡಿಯಂ ಕ್ಲೋರೈಡ್ ಶೀಶೆಗೆ ಕೈ ಹಾಕಿದ್ದೆ. ಸಂಜೆಯವರೆಗೆ ಕಾದರೂ ಬೀಕರಿನಲ್ಲಿ ಸಡಿಲವಾದ ಗಂಜಿಯಂಥದ್ದೇ ಇತ್ತು. ಮರುದಿನ ಸರಿಯಾದ ಲವಣವನ್ನು ಕೇವಲ 0.2 ಗ್ರಾಂ ಹಾಕಿದಾಗ ದ್ರಾವಣ ತಣಿಯುತ್ತಿದ್ದಂತೆಯೇ ಬಿಗಿದುಕೊಂಡಿತು. ಚಮಚೆ ಒತ್ತಿದರೆ ಗಾಜು ಸೀಳಿದಂತೆ ನೇರವಾಗಿ ಬಿರಿಯುವ ಜೆಲ್ ಇದು. ರಾತ್ರಿ ಕಳೆಯುವಷ್ಟರಲ್ಲಿ ಅಂಚಿನಲ್ಲಿ ನೀರು ಬಿಟ್ಟುಕೊಂಡಿತ್ತು, ಅದು ನನಗೆ ಹಿಡಿಸಲಿಲ್ಲ. ಅಯೋಟಾದ ಸ್ವಭಾವವೇ ಬೇರೆ. ಕ್ಯಾಲ್ಸಿಯಂ ಸೇರಿಸಿದಾಗ ಅದು ಮೆತ್ತಗೆ, ಎಳೆದಂತೆ ಬಾಗುವ ಜೆಲ್ ಆಯಿತು. ಗಾಜಿನ ಕಡ್ಡಿಯಿಂದ ಕಲಕಿ ಒಡೆದು ಬಿಟ್ಟರೂ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಕೂಡಿಕೊಂಡಿತು. ಮೂರನ್ನೂ ಹೆಪ್ಪುಗಟ್ಟಿಸಿ ಕರಗಿಸಿದಾಗ ಅಗರ್ ಮತ್ತು ಕಪ್ಪಾ ಸ್ಪಂಜಿನಂತೆ ನೀರು ಸುರಿಸಿದವು, ಅಯೋಟಾ ಮಾತ್ರ ಹಾಗೆಯೇ ಉಳಿಯಿತು. ಲ್ಯಾಂಬ್ಡಾ ತಣ್ಣೀರಿನಲ್ಲೇ ಕರಗಿ ಮಂದವಾಯಿತು. ಯಾವ ಲವಣ ಹಾಕಿದರೂ ಜೆಲ್ ಆಗಲಿಲ್ಲ, ಆಗುವುದೂ ಇಲ್ಲ.

ಇಷ್ಟೇ ಆಗಿದ್ದರೆ ಹೋಲಿಕೆಯಲ್ಲಿ ಲ್ಯಾಂಬ್ಡಾ ಸೋತಿತು ಎಂದು ಬರೆದು ಮುಗಿಸಬಹುದಿತ್ತು. ಆದರೆ ನಾಲ್ಕರ ತೆಳು ದ್ರಾವಣಗಳನ್ನು ಬೆಚ್ಚಗಿಟ್ಟು ಒಂದೊಂದಕ್ಕೂ ಟೊಲುಯಿಡಿನ್ ನೀಲಿಯ ಒಂದೊಂದು ಹನಿ ಬಿಟ್ಟಾಗ ಸಾಲು ತಲೆಕೆಳಗಾಯಿತು. ಸಲ್ಫೇಟ್ ಗುಂಪುಗಳು ಋಣ ವಿದ್ಯುದಾವೇಶ ಹೊತ್ತಿರುತ್ತವೆ. ಈ ಬಣ್ಣದ ಅಣುಗಳು ಒತ್ತೊತ್ತಾಗಿರುವ ಅಂಥ ಋಣಾವೇಶಗಳ ಮೇಲೆ ಸಾಲಾಗಿ ಕುಳಿತರೆ ನೀಲಿ ಹೋಗಿ ನೇರಳೆಗೆ ತಿರುಗುತ್ತದೆ. ಅಗರ್ ನಳಿಕೆ ಹೆಚ್ಚುಕಡಿಮೆ ನೀಲಿಯಾಗಿಯೇ ಇತ್ತು. ಅದರಲ್ಲಿ ಅಗರೋಸ್ ಜೊತೆಗೆ ತುಸು ಸಲ್ಫೇಟ್ ಇರುವ ಅಗರೋಪೆಕ್ಟಿನ್ ಕೂಡ ಇರುವುದರಿಂದ ನೇರಳೆಯ ಸಣ್ಣ ಛಾಯೆ ಕಂಡಿತು. ಕಪ್ಪಾ ಸ್ಪಷ್ಟವಾಗಿ ನೇರಳೆಯಾಯಿತು. ಅಯೋಟಾ ಮತ್ತು ಲ್ಯಾಂಬ್ಡಾ ಕೆಂಪು ಬೆರೆತ ನೇರಳೆಗೆ ಹೋದವು.

ಜೈವಿಕ ಚಟುವಟಿಕೆಯ ಬಹುಪಾಲು ಕುಳಿತಿರುವುದು ಈ ಆವೇಶದಲ್ಲೇ. ಅನೇಕ ವೈರಸ್‌ಗಳು ನಮ್ಮ ಜೀವಕೋಶಗಳ ಹೊರಮೈಯಲ್ಲಿರುವ ಹೆಪಾರನ್ ಸಲ್ಫೇಟ್ ಎಂಬ ಸಕ್ಕರೆ ಸರಪಳಿಯನ್ನು ಮೊದಲು ಹಿಡಿದುಕೊಳ್ಳುತ್ತವೆ. ಸಲ್ಫೇಟ್ ತುಂಬಿದ ಪಾಚಿಯ ಸರಪಳಿ ಎದುರಿಗೆ ಸಿಕ್ಕರೆ ಅದಕ್ಕೆ ಅಂಟಿಕೊಂಡು ಬಿಡುತ್ತವೆ. ಅಯೋಟಾ ಸೇರಿಸಿದ ಮೂಗಿನ ಸ್ಪ್ರೇಗಳು ನೆಗಡಿಗಾಗಿ ಮಾರುಕಟ್ಟೆಗೆ ಬಂದಿರುವುದು ಈ ತತ್ವದ ಮೇಲೆ. ಆದರೂ ಗಾಜಿನ ನಳಿಕೆಯ ಗೆಲುವು ಮನುಷ್ಯರಲ್ಲಿ ಗೆಲುವಲ್ಲ: ಎಚ್‌ಐವಿ ತಡೆಗಾಗಿ ದಕ್ಷಿಣ ಆಫ್ರಿಕಾದ ಮಹಿಳೆಯರಲ್ಲಿ ಪರೀಕ್ಷಿಸಿದ ಕ್ಯಾರಗಾರ್ಡ್ ಎಂಬ ಕ್ಯಾರಜೀನನ್ ಜೆಲ್ ಸೋಂಕನ್ನು ತಡೆಯಲಿಲ್ಲವೆಂದು 2008ರಲ್ಲಿ ತಿಳಿಯಿತು. ಲ್ಯಾಂಬ್ಡಾದ ಕಥೆ ಇನ್ನೂ ವಿಚಿತ್ರ. 1962ರಿಂದ ಈಚೆಗೆ ಉರಿಯೂತ ನಿವಾರಕ ಔಷಧಗಳನ್ನು ಪರೀಕ್ಷಿಸುವವರು ಇಲಿಯ ಪಾದಕ್ಕೆ ಕ್ಯಾರಜೀನನ್ ದ್ರಾವಣ ಚುಚ್ಚಿ ಬಾವು ಬರಿಸುತ್ತಾರೆ, ಅದಕ್ಕೆ ಹೆಚ್ಚಾಗಿ ಆರಿಸುವುದು ಲ್ಯಾಂಬ್ಡಾವನ್ನೇ. ಜೆಲ್ ಆಗಲು ಒಲ್ಲದ ಪುಡಿಯೇ ದೇಹದ ಅಂಗಾಂಶವನ್ನು ಹೀಗೆ ಕೆರಳಿಸುತ್ತದೆ.

ನನ್ನ ಆಯ್ಕೆ ಕೆಲಸಕ್ಕೆ ತಕ್ಕಂತೆ ಹಂಚಿಹೋಗಿದೆ. ಏನನ್ನಾದರೂ ಬೆಳೆಸಬೇಕಾದಲ್ಲಿ ಅಗರ್, ಕೋಶಗಳನ್ನು ಗಟ್ಟಿ ಮಣಿಗಳಲ್ಲಿ ಸೆರೆ ಹಿಡಿಯಬೇಕಾದಲ್ಲಿ ಕಪ್ಪಾ, ವೈರಸ್ ಸಂಬಂಧದ ಪ್ರಯೋಗಗಳಿಗೆ ಅಯೋಟಾ. ಲ್ಯಾಂಬ್ಡಾವನ್ನು ಬಣ್ಣದ ಪರೀಕ್ಷೆಯ ಮಾನದಂಡವಾಗಿ ಮಾತ್ರ ಇಟ್ಟುಕೊಂಡಿದ್ದೇನೆ.

ಇನ್ನೊಂದು ವಿಷಯವನ್ನು ಕೆಟ್ಟುಹೋದ ಕಪ್ಪಾದಿಂದ ಕಲಿತೆ. ಆಮ್ಲ ಸೇರಿಸಿದ ದ್ರಾವಣವನ್ನು ಬಿಸಿ ತಟ್ಟೆಯ ಮೇಲೆ ಮರೆತು ಬಂದಿದ್ದೆ. ತಿರುಗಿ ಹೋಗಿ ನೋಡಿದಾಗ ಅದು ನೀರಿನಷ್ಟು ತೆಳ್ಳಗಾಗಿತ್ತು, ಪೊಟ್ಯಾಸಿಯಂ ಎಷ್ಟು ಸುರಿದರೂ ಗಟ್ಟಿಯಾಗಲಿಲ್ಲ. ಆಮ್ಲವೂ ಶಾಖವೂ ಸೇರಿ ಸರಪಳಿಯನ್ನು ತುಂಡರಿಸಿದ್ದವು. ಹೀಗೆ ಬಹಳ ಚಿಕ್ಕದಾಗಿ ತುಂಡಾದ ಕ್ಯಾರಜೀನನ್ ಅನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿಯೇ ಕ್ಯಾನ್ಸರ್‌ಕಾರಕವಾಗಿರಬಹುದಾದ ವಸ್ತುಗಳ ಸಾಲಿಗೆ ಸೇರಿಸಿತ್ತು. ಇ407 ಎಂಬ ಸಂಖ್ಯೆಯಡಿ ಆಹಾರದಲ್ಲಿ ಬಳಸುವ ಉದ್ದ ಸರಪಳಿಯ ಕ್ಯಾರಜೀನನ್ ಅದಲ್ಲ, ಆದರೆ ಈ ಎರಡನ್ನೂ ಬೆರೆಸಿ ಮಾತಾಡುವವರು ಬಹಳ. ಅಂದಿನಿಂದ ಕ್ಯಾರಜೀನನ್‌ನ ಪ್ರತಿಯೊಂದು ಹೊಸ ಡಬ್ಬಿ ಬಂದಾಗಲೂ ಜೈವಿಕ ಪರೀಕ್ಷೆಗೆ ಕೈ ಹಾಕುವ ಮೊದಲು ಅದರ ದ್ರಾವಣದ ಸ್ನಿಗ್ಧತೆಯನ್ನು, ಅಂದರೆ ಅದು ಎಷ್ಟು ಮಂದವಾಗಿದೆ ಎಂಬುದನ್ನು, ಅಳೆದು ಡಬ್ಬಿಯ ಮೇಲೆಯೇ ಬರೆದಿಡುತ್ತೇನೆ.