ಗೋಣಿಕೊಪ್ಪಲಿನ ಒಂದು ಪ್ರೋಗ್ರಾಮಿಂಗ್ ತರಗತಿ: ನೀಲಿ ಪರದೆಯ ಮೋಹ

ದ್ವಿತೀಯ ಪಿಯುಸಿ ಮುಗಿಸಿ ಕಂಪ್ಯೂಟರ್ ಸೈನ್ಸ್ ಓದಲು ಹೊರಟಿದ್ದ ಮಗನನ್ನು ಗೋಣಿಕೊಪ್ಪಲಿನ ಒಂದು ತರಬೇತಿ ಕೇಂದ್ರದಲ್ಲಿ ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಎರಡು ತಿಂಗಳ ತರಗತಿಗೆ ಸೇರಿಸಿದ್ದೆ. ಕಲಿಸುವವರಿಗೆ ತಾಳ್ಮೆಯಿದೆ, ಶುಲ್ಕ ಹೊರೆಯಲ್ಲ, ಮಳೆಗೆ ಕರೆಂಟ್ ಹೋದರೂ ಯುಪಿಎಸ್ ಇರುವುದರಿಂದ ಪಾಠ ನಿಲ್ಲುವುದಿಲ್ಲ. ನನ್ನ ತಕರಾರು ಅವರು ಬಳಸುವ ತಂತ್ರಾಂಶದ ಬಗ್ಗೆ.

ಬೋರ್ಲ್ಯಾಂಡ್ ಸಂಸ್ಥೆ 1990ರಲ್ಲಿ ಮೊದಲು ಹೊರತಂದ ಟರ್ಬೊ ಸಿ ಪ್ಲಸ್ ಪ್ಲಸ್ ಅಲ್ಲಿ ಇಂದಿಗೂ ನಡೆಯುತ್ತಿದೆ; ಆ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಓಡಿಸುವ ನೀಲಿ ಪರದೆಯ ತಂತ್ರಾಂಶವದು. ಈಗಿನ ವಿಂಡೋಸ್‌ನಲ್ಲಿ ಅದು ನೇರವಾಗಿ ಓಡದ ಕಾರಣ ಹಳೆಯ ಡಾಸ್ ಕಾಲದ ತಂತ್ರಾಂಶಗಳನ್ನು ನಡೆಸಿಕೊಡುವ ಡಾಸ್‌ಬಾಕ್ಸ್‌ನೊಳಗೆ ಕೂರಿಸಿ ಓಡಿಸುತ್ತಾರೆ. ಸಿ ಪ್ಲಸ್ ಪ್ಲಸ್ ಭಾಷೆಗೆ ಅಂತರರಾಷ್ಟ್ರೀಯ ಮಾನಕ ಬಂದದ್ದು 1998ರಲ್ಲಿ. ಮಗ ಕಲಿತದ್ದು ಅದಕ್ಕೂ ಹಿಂದಿನ ರೂಪವನ್ನು. ನಮ್ಮ ಕಾಫಿ ತೋಟದ ಕೂಲಿ ಲೆಕ್ಕಕ್ಕೆಂದು ಅವನು ಬರೆದ ಪ್ರೋಗ್ರಾಂ 40000 ರೂಪಾಯಿಯ ಮೊತ್ತವನ್ನು ಮೈನಸ್ 25536 ಎಂದು ತೋರಿಸಿತು, ಆಳುಗಳೇ ನಮಗೆ ಬಾಕಿ ಕೊಡಬೇಕೆಂಬಂತೆ. ಟರ್ಬೊದ ಕಂಪೈಲರ್‌ನಲ್ಲಿ (ಬರೆದ ಪ್ರೋಗ್ರಾಂ ಅನ್ನು ಯಂತ್ರಕ್ಕೆ ಅರ್ಥವಾಗುವಂತೆ ಬದಲಿಸುವ ಭಾಗ) ಇಂಟ್ ಎಂಬ ಪೂರ್ಣಾಂಕದ ಬಗೆಗೆ 16 ಬಿಟ್ ಮಾತ್ರ ಜಾಗವಿದ್ದು, 32767 ದಾಟಿದೊಡನೆ ಎಣಿಕೆ ಋಣಸಂಖ್ಯೆಗೆ ಹೊರಳುತ್ತದೆ. ಇನ್ನೂ ದೊಡ್ಡ ಸಂಖ್ಯೆ ಹಿಡಿಸುವ ಬಗೆ ಲಾಂಗ್. 'ಲಾಂಗ್ ಹಾಕು' ಎಂದರಂತೆ ಮೇಷ್ಟ್ರು, ಏಕೆಂದು ಹೇಳಲಿಲ್ಲ.

ಕಾಲೇಜಿನ ಲ್ಯಾಬ್‌ನಲ್ಲಿದ್ದದ್ದು ವಿಂಡೋಸ್ ಅಲ್ಲ, ಲಿನಕ್ಸ್‌ನ ಒಂದು ರೂಪವಾದ ಉಬುಂಟು. ಕೊನಿಯೊ ಹೆಡರ್, ವಾಯ್ಡ್ ಮೇನ್ ಎಂದು ಪ್ರೋಗ್ರಾಂನ ಆರಂಭದಲ್ಲೇ ಬರೆದು ಕೈಗೆ ರೂಢಿಯಾಗಿದ್ದುದನ್ನೆಲ್ಲ ಅಲ್ಲಿನ ಕಂಪೈಲರ್ ತಿರಸ್ಕರಿಸಿದಾಗ, ಮಗ ತನ್ನ ಪಾಠವನ್ನು ಶಂಕಿಸದೆ 'ಲಿನಕ್ಸೇ ಸರಿಯಿಲ್ಲ ಅಪ್ಪ' ಎಂದು ತೀರ್ಪು ಕೊಟ್ಟ. ಸಾಲಿನ ಕೊನೆಗೆ ಸೆಮಿಕೋಲನ್ ಕೇಳದ ಪೈಥಾನ್ ಭಾಷೆಯಿಂದ ಶುರುಮಾಡಿದ ಪಕ್ಕದ ಮನೆಯ ಹುಡುಗಿಗೆ ಸಿ ಭಾಷೆಯ ಸೆಮಿಕೋಲನ್ ಕಾಟವೆನಿಸುತ್ತದೆ. ಹಾಸ್ಟೆಲಿನ ಹುಡುಗರೆಲ್ಲ ಕೋಡ್ ಬರೆಯಲು ವಿಎಸ್ ಕೋಡ್ ಎಂಬ ತಂತ್ರಾಂಶ ಬಳಸುವುದು ಸೀನಿಯರ್ ಒಬ್ಬ ಅದನ್ನೇ ಹಾಕಿಕೊಟ್ಟನೆಂಬ ಕಾರಣಕ್ಕೆ. ಇವನ್ನೆಲ್ಲ ಅವರು ತಮ್ಮ ಆಯ್ಕೆಯೆಂದೇ ವಾದಿಸುತ್ತಾರೆ. ಗುಣದೋಷ ತೂಗಿ ನೋಡಿದವರು ನನಗಂತೂ ಕಾಣಲಿಲ್ಲ. (ನಾನೂ ಕನ್ನಡ ಟೈಪಿಂಗ್‌ಗೆ ಮೊದಲು ಕಲಿತ ಕೀಲಿಮಣೆ ವಿನ್ಯಾಸವನ್ನು ಇಂದಿಗೂ ಬಿಟ್ಟಿಲ್ಲ.) ಆದ್ದರಿಂದಲೇ ಮೊದಲ ತರಗತಿಯವರ ಹೊಣೆ ದೊಡ್ಡದು.

ಟರ್ಬೊ ಬದಲಿಗೆ ಬಳಸಬಹುದಾದ ಕೋಡ್‌ಬ್ಲಾಕ್ಸ್ ತಂತ್ರಾಂಶವನ್ನು ಕಂಪೈಲರ್ ಸಮೇತ ಉಚಿತವಾಗಿ ಇಳಿಸಿಕೊಳ್ಳಬಹುದು, ಆಮೇಲೆ ಇಂಟರ್ನೆಟ್ ಬೇಕಿಲ್ಲ. ಮುಂಗಾರಿನಲ್ಲಿ ನೆಟ್‌ವರ್ಕ್ ಕೈಕೊಡುವ ನಮ್ಮ ಕಡೆಗೆ ಇದು ಸಣ್ಣ ಅನುಕೂಲವಲ್ಲ. ಇದನ್ನು ಕೇಂದ್ರದವರಿಗೆ ಹೇಳಿದಾಗ, 'ನಮ್ಮ ನೋಟ್ಸ್ ಎಲ್ಲ ಟರ್ಬೊಗೇ ಇರೋದು ಸರ್' ಎಂಬ ಉತ್ತರ ಬಂತು. ಲೂಪ್, ಅರೇಯಂಥ ಮೂಲಪಾಠಗಳನ್ನು ಅವರು ಚೆನ್ನಾಗಿಯೇ ತಲೆಗೆ ಹತ್ತಿಸುತ್ತಾರೆ, ಅದಕ್ಕಾಗಿ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಮಕ್ಕಳನ್ನು ಸೇರಿಸುವವರು ಶುಲ್ಕ ಕಟ್ಟುವ ಮೊದಲು ಒಳಗೆ ಹೋಗಿ ಪರದೆ ನೋಡಿ. ನೀಲಿಯಿದ್ದರೆ ನೋಟ್ಸ್ ಬದಲಾಯಿತೇ ಎಂದು ವಿಚಾರಿಸಿ.