‘ವೆಲ್-ಇನ್ಫಾರ್ಮ್ಡ್’ ಪದವನ್ನು ಚೀನಿಯವರಿಗೆ ತಿಳಿಸಲು ನಾಲ್ಕು ದಾರಿ

ತೈಪೆಯಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಎಲ್ಲರ ಮನೆಮಾತೂ ಚೀನಿ. ಅವರಿಗೆ ‘ವೆಲ್-ಇನ್ಫಾರ್ಮ್ಡ್’ ಪದ ಸುಲಭಕ್ಕೆ ತಲೆಗೆ ಹತ್ತಲಿಲ್ಲ. ಒಂದು ವಿಷಯದ ಬಗ್ಗೆ ಸರಿಯಾಗಿ, ಇವತ್ತಿನವರೆಗಿನದ್ದನ್ನೂ ತಿಳಿದವರು ಅಂತ ಅರ್ಥ. ಒಂದೇ ಗುಂಪಿನ ಜೊತೆ ವಾರಕ್ಕೊಂದರಂತೆ ನಾಲ್ಕು ಚೀನಿ ಮಾತು ಬಳಸಿ ನೋಡಿದೆ.

ಮೊದಲು ಹಿಡಿದದ್ದು ಡಿಕ್ಷನರಿಯಲ್ಲಿ ಸಿಗುವ ‘ಶ್ಯಾವ್‌ಶಿ ಲಿಂಗ್‌ಟೋಂಗ್’. ಶ್ಯಾವ್‌ಶಿ ಅಂದರೆ ಸುದ್ದಿ. ಸುದ್ದಿ ಬೇಗ ಬಂದು ಮುಟ್ಟುವವರಿಗೆ ಈ ಮಾತು. ನಮ್ಮ ಪತ್ರಿಕೆಗಳು ‘ಬಲ್ಲ ಮೂಲಗಳು’ ಅಂತ ಬರೆಯುತ್ತವಲ್ಲ, ಅಲ್ಲಿ ಚೀನಿ ಪತ್ರಿಕೆಗಳು ಬಳಸುವುದು ಇದನ್ನೇ. ಆದರೆ ಅರವತ್ತು ದಾಟಿದ ಆಂಟಿಯೊಬ್ಬರು ಬರೆದರು: ‘ನಮ್ಮ ಪಕ್ಕದ ಮನೆಯಾಕೆ ತುಂಬಾ ವೆಲ್-ಇನ್ಫಾರ್ಮ್ಡ್.’ ಯಾವುದರ ಬಗ್ಗೆ ಅಂತ ಕೇಳಿದೆ. ಯಾರ ಮನೆ ಮಾರಾಟಕ್ಕಿದೆ, ಯಾರ ಸೊಸೆ ತವರಿಗೆ ಹೋದಳು, ಎಲ್ಲ ಆಕೆಗೇ ಮೊದಲು ಗೊತ್ತಾಗುತ್ತದಂತೆ! ತಪ್ಪು ಆಂಟಿಯದ್ದಲ್ಲ, ನಾನು ಕೊಟ್ಟ ಪದದ್ದು. ಸುದ್ದಿ ಬೇಗ ಸಿಗುವುದು ಬೇರೆ, ವಿಷಯ ಸರಿಯಾಗಿ ತಿಳಿದಿರುವುದು ಬೇರೆ ಅಲ್ವಾ?

‘ಜ್ಯೆನ್ ದ್ವೋ ಶಿ ಗ್ವಾಂಗ್’ ಕೇಳಲು ಚೆಂದ. ತುಂಬಾ ಕಂಡು, ತುಂಬಾ ಅರಿತವರು. ನಾವು ‘ನಾಲ್ಕೂರು ಕಂಡವರು’ ಅನ್ನುವ ಹಾಗೆ. ಎಲ್ಲರೂ ತಮ್ಮ ಅಜ್ಜನ ಬಗ್ಗೆಯೇ ಬರೆದರು. ಹೊಸ ತೆರಿಗೆ ನಿಯಮವನ್ನು ಓದಿಕೊಂಡ 22 ವರ್ಷದ ಹುಡುಗಿಗೆ ಈ ಮಾತು ಒಪ್ಪುವುದಿಲ್ಲ, ವೆಲ್-ಇನ್ಫಾರ್ಮ್ಡ್ ಚೆನ್ನಾಗಿ ಒಪ್ಪುತ್ತದೆ.

‘ಜಿಶಿ ಯುಆನ್‌ಬೋ’ದಲ್ಲಿ ಯುಆನ್ ಅಂದರೆ ಆಳದ ಮಡು. ಅಷ್ಟು ಆಳದ ಓದು ಇರುವ ಪ್ರೊಫೆಸರ್‌ಗೆ ಸರಿ. ಇದನ್ನು ‘ನಾಲೆಜಬಲ್’ ಪದಕ್ಕೆ ಎತ್ತಿಟ್ಟೆ.

ಕೊನೆಯದು ‘ಜಿಚಿಂಗ್’, ಅಂದರೆ ವಿಷಯ ಗೊತ್ತಿರುವುದು. ಬರೀ ಅಷ್ಟೇ ಹೇಳಿದರೆ ಒಳಗಿನ ಗುಟ್ಟು ಗೊತ್ತಿರುವವನ ವಾಸನೆ ಬರುತ್ತದೆ. ನಾನು ಬಿಟ್ಟೇಬಿಡುತ್ತಿದ್ದೆ. ಆಗ ನರ್ಸ್ ಕೆಲಸದಲ್ಲಿರುವ ವಿದ್ಯಾರ್ಥಿನಿಯೊಬ್ಬರು ‘ಜಿಚಿಂಗ್ ಟೋಂಗ್‌ಯಿ’ ಅಂದರು. ಅದು ಇಂಗ್ಲಿಷಿನ ‘ಇನ್ಫಾರ್ಮ್ಡ್ ಕನ್ಸೆಂಟ್’. ಆಪರೇಷನ್‌ಗೆ ಮುಂಚೆ ಡಾಕ್ಟರ್ ಅಪಾಯ ಏನು, ಬೇರೆ ದಾರಿ ಏನು ಅಂತ ಬಿಡಿಸಿ ಹೇಳಿ, ಆಮೇಲೆ ರೋಗಿ ಒಪ್ಪುವುದು. ಇಡೀ ಕ್ಲಾಸಿಗೆ ಆ ಕ್ಷಣ ಹೊಳೆಯಿತು. ನಿರ್ಧಾರ ಮಾಡಲು ಬೇಕಾದಷ್ಟು ತಿಳಿದಿರಬೇಕು, ಸುಮ್ನೆ ಸುದ್ದಿ ಕೇಳಿದ್ದರೆ ಸಾಲದು. ನಾಲ್ಕರಲ್ಲಿ ನನಗೆ ಇದೇ ಮೇಲು.

ಇದರ ಜೊತೆ ಇನ್ನೊಂದನ್ನು ಮಾತ್ರ ಹೇಳಲೇಬೇಕು. ಒಂದು ವಿಷಯ ಚೆನ್ನಾಗಿ ಗೊತ್ತು ಅನ್ನಲು ಚೀನಿಯಲ್ಲಿ ವಿಷಯದ ಮುಂದೆ ‘ದ್ವೆ’ ಹಾಕುತ್ತಾರೆ. ಅದೇ ಪದಕ್ಕೆ ‘ಕಡೆಗೆ’ ಅನ್ನುವ ಅರ್ಥವೂ ಇದೆ. ಅದಕ್ಕೇ ‘ವೆಲ್-ಇನ್ಫಾರ್ಮ್ಡ್ ಟು ಹಿಸ್ಟರಿ’ ಅಂತ ಬರೆದುಬಿಡುತ್ತಾರೆ. ಅಲ್ಲಿ ‘ಅಬೌಟ್’ ಬರಬೇಕು. ಕನ್ನಡದವರಿಗೆ ನಮ್ಮ ‘ಬಗ್ಗೆ’ ಇರುವುದರಿಂದ ಈ ತೊಂದರೆ ಕಡಿಮೆ.

ಆ ಆಂಟಿ ಕ್ಲಾಸ್ ಮುಗಿಯುವ ಮುಂಚೆ ಹೊಸ ವಾಕ್ಯ ಬರೆದು ತೋರಿಸಿದರು: ‘ನನ್ನ ಮಂಡಿ ಆಪರೇಷನ್ ಬಗ್ಗೆ ನಾನೀಗ ವೆಲ್-ಇನ್ಫಾರ್ಮ್ಡ್.’ ಮುಂದಿನ ವಾರವೇ ಅವರ ಆಪರೇಷನ್ ಇತ್ತು. ‘ಅಬೌಟ್’ ಸರಿಯಾದ ಜಾಗದಲ್ಲೇ ಕೂತಿತ್ತು.